ಪ ಆದರೆ ಕ

ನಮ್ಮೂರಿನ ಹೆಸರು ಹೇಳಿದರೆ ಸಾಕು, ಕೇಳಿದವರ ಕಣ್ಣಲ್ಲಿ ರೈಲು ಓಡುತ್ತದೆ. "ಓಹೋ, ಅರಸೀಕೆರೆ ಜಂಕ್ಷನ್ನು! ತೆಂಗಿನಕಾಯಿ ಊರಲ್ವಾ?" ಎನ್ನುತ್ತಾರೆ. ಅಲ್ಲ ಸ್ವಾಮಿ. ಅದು ಹಾಸನ ಜಿಲ್ಲೆಯದು. ನಮ್ಮದು ಹರಪನಹಳ್ಳಿ ತಾಲ್ಲೂಕಿನ ಅರಸೀಕೆರೆ, ಹೋಬಳಿ ಊರು. ಇಲ್ಲಿ ಮೆಕ್ಕೆಜೋಳವಿದೆ, ಶೇಂಗಾ ಇದೆ, ದಾವಣಗೆರೆ ಬಸ್ಸಿದೆ. ರೈಲಿಲ್ಲ.

ದೂರದ ನೆಂಟರೊಬ್ಬರು ನಮ್ಮ ಮನೆಯ ಗೃಹಪ್ರವೇಶಕ್ಕೆಂದು ಬೆಂಗಳೂರಲ್ಲಿ ರೈಲು ಹತ್ತಿ, ಸರಿರಾತ್ರಿಯಲ್ಲಿ ಆ ಅರಸೀಕೆರೆಯಲ್ಲಿ ಇಳಿದು ಫೋನು ಮಾಡಿದ್ದರು. "ಸ್ಟೇಷನ್ ಹೊರಗೆ ನಿಂತೀನಿ, ಗಾಡಿ ಕಳಿಸ್ರಿ." ಅವರ ಲೆಕ್ಕದಲ್ಲಿ ತಪ್ಪೇನಿತ್ತು ಹೇಳಿ. ರೈಲು ಅರಸೀಕೆರೆಗೆ ಹೋಗುತ್ತದೆ: ನಿಜ. ಗೃಹಪ್ರವೇಶ ಅರಸೀಕೆರೆಯಲ್ಲಿ: ಅದೂ ನಿಜ. ಎರಡು ನಿಜ ಸೇರಿ ಒಬ್ಬ ಮನುಷ್ಯನನ್ನು ಹೊಸ ಪಂಚೆ, ಬೆಳ್ಳಿ ಕುಂಕುಮ ಬಟ್ಟಲು ಸಮೇತ ತಪ್ಪು ಪ್ಲಾಟ್‌ಫಾರ್ಮಿನಲ್ಲಿ ನಿಲ್ಲಿಸಿದವು. ಆ ಬಟ್ಟಲು ಒಂದು ವಾರದ ಮೇಲೆ ಕೊರಿಯರಿನಲ್ಲಿ ಬಂತು.

ನಾನು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟು ನಿವೃತ್ತನಾದವನು. ಒಂದು ಅಕ್ಷರ ಒಂದೇ ವಸ್ತುವಿಗೆ ನಿಲ್ಲಬೇಕು ಎಂದು ಮೂವತ್ತು ವರ್ಷ ಹಲಗೆಯ ಮೇಲೆ ಗೀಚಿದ್ದೇನೆ. ಆ ಪಾಠ ನನಗೇ ಪೂರ್ತಿ ಅರ್ಥವಾದದ್ದು ಆ ಫೋನು ಬಂದ ರಾತ್ರಿ.

ಹೆಸರಿನ ಗೊಂದಲ ಹೀಗಾದರೆ ಜಿಲ್ಲೆಯದು ಇನ್ನೊಂದು ತೂಕ. ನಮ್ಮವ್ವ ಹುಟ್ಟಿದಾಗ ಈ ಊರು ಮದ್ರಾಸು ಪ್ರಾಂತ್ಯದ ಬಳ್ಳಾರಿ ಜಿಲ್ಲೆಯಲ್ಲಿತ್ತು. 1953ರಲ್ಲಿ ಬಳ್ಳಾರಿಯ ಜೊತೆ ಮೈಸೂರು ರಾಜ್ಯಕ್ಕೆ ಬಂತು. 1997ರಲ್ಲಿ ದಾವಣಗೆರೆ ಜಿಲ್ಲೆ ಹುಟ್ಟಿದಾಗ ಹರಪನಹಳ್ಳಿ ತಾಲ್ಲೂಕು ಅದರೊಳಗೆ ಹೋಯಿತು. ಆಮೇಲೆ ಸಂವಿಧಾನಕ್ಕೆ 371(ಜೆ) ಕಲಂ ಬಂತು. ಬಳ್ಳಾರಿಯವರಿಗೆ ನೌಕರಿಯಲ್ಲಿ, ಓದಿನಲ್ಲಿ ಮೀಸಲು ಸಿಕ್ಕಿತು, ದಾವಣಗೆರೆಯೊಳಗೆ ಸೇರಿದ್ದ ನಮಗೆ ಸಿಗಲಿಲ್ಲ. ಹೋರಾಟ, ಮನವಿ, ಧರಣಿ ಎಲ್ಲ ಆಗಿ 2018ರಲ್ಲಿ ಮತ್ತೆ ಬಳ್ಳಾರಿಗೆ ಸೇರಿಸುವ ತೀರ್ಮಾನವಾಯಿತು. ಅಲ್ಲಿ ಕೂತು ಬೆನ್ನು ನೆಟ್ಟಗೆ ಮಾಡುವಷ್ಟರಲ್ಲಿ 2021ಕ್ಕೆ ವಿಜಯನಗರ ಜಿಲ್ಲೆ. ಇಷ್ಟಾಗಿಯೂ ಅರಸೀಕೆರೆ ಹೋಬಳಿಯವರು ಎಂಎಲ್ಎ ಓಟು ಹಾಕುವುದು ಜಗಳೂರು ಕ್ಷೇತ್ರಕ್ಕೆ. ಆ ಜಗಳೂರು ಇರುವುದು ದಾವಣಗೆರೆ ಜಿಲ್ಲೆಯಲ್ಲಿ. ಅವ್ವನಿಗೆ ಈಗ ಎಂಬತ್ತು ದಾಟಿದೆ. ಇಷ್ಟು ಜಿಲ್ಲೆ ತಿರುಗಿದರೂ ಆಕೆ ಹುಟ್ಟಿದ ಮನೆಯಿಂದ ನಾಲ್ಕು ಓಣಿ ಆಚೆ ಹೋದವಳಲ್ಲ.

"ಮಾವ, ಇದನ್ನ ಸಿಲಾಜಿಸಂ ಮಾಡ್ಬೋದು ನೋಡ್ರಿ" ಎಂದಳು ತಂಗಿಯ ಮಗಳು. "ಹೇಳಿಕೆ ಒಂದು: ಅರಸೀಕೆರೆಯವರೆಲ್ಲ ಜಗಳೂರು ಕ್ಷೇತ್ರದ ಮತದಾರರು. ಹೇಳಿಕೆ ಎರಡು: ಜಗಳೂರು ಕ್ಷೇತ್ರದ ಕೆಲವು ಮತದಾರರು ದಾವಣಗೆರೆ ಜಿಲ್ಲೆಯವರು. ತೀರ್ಮಾನ: ಅರಸೀಕೆರೆಯ ಕೆಲವರು ದಾವಣಗೆರೆ ಜಿಲ್ಲೆಯವರು. ಅನುಸರಿಸುತ್ತದೆಯೋ, ಇಲ್ಲವೋ?"

ಅನುಸರಿಸುವುದಿಲ್ಲ. ಆದರೆ ಪರೀಕ್ಷೆಯಲ್ಲಿ ಹತ್ತರಲ್ಲಿ ಆರು ಮಂದಿ ಅನುಸರಿಸುತ್ತದೆ ಎಂದೇ ಗೀಟು ಹಾಕುತ್ತಾರೆ ಎಂದು ನನ್ನ ಅಂದಾಜು. ಮಾಸ್ತರಿಕೆಯ ಅಂದಾಜು, ಲೆಕ್ಕ ಕೇಳಬೇಡಿ.

ಈಕೆ ಡಿಗ್ರಿ ಮುಗಿಸಿ ಮೂರು ವರ್ಷ. ಪಿಡಿಒ, ಎಫ್‌ಡಿಎ, ಗ್ರಾಮ ಆಡಳಿತಾಧಿಕಾರಿ, ಯಾವ ಅರ್ಜಿ ಕರೆದರೂ ಹಾಕುತ್ತಾಳೆ. ಬೆಳಿಗ್ಗೆ ಪಂಚಾಯ್ತಿಯ ಅರಿವು ಕೇಂದ್ರದಲ್ಲಿ ಓದು, ಸಂಜೆ ನಮ್ಮ ಮನೆಯ ಕಟ್ಟೆಯ ಮೇಲೆ 'ಮೆಂಟಲ್ ಎಬಿಲಿಟಿ'. ಒಗ್ಗರಣೆ ಮಂಡಕ್ಕಿ, ಮಿರ್ಚಿ ನಡುವೆ ಇಟ್ಟುಕೊಂಡು ಇಬ್ಬರೂ ಕೂರುತ್ತೇವೆ. ಆಡುವ ಮಾತನ್ನೆಲ್ಲ ಅಕ್ಷರಕ್ಕೆ, ಬಾಣಕ್ಕೆ, ವೃತ್ತಕ್ಕೆ ಇಳಿಸುವುದು ಕೆಲಸ. ಪುಸ್ತಕದಲ್ಲಿ ಪಿ, ಕ್ಯೂ ಎಂದಿರುತ್ತದೆ. ನಾವು ಪ, ಕ ಎನ್ನುತ್ತೇವೆ. ಪ ಆದರೆ ಕ. ಪ → ಕ.

ಒಂದು ಸಂಜೆ ಆಕೆ ಗಟ್ಟಿಯಾಗಿ ಓದುತ್ತಿದ್ದಳು. ಎಲ್ಲಾ ಪೆನ್ನುಗಳು ಪುಸ್ತಕಗಳು. ಎಲ್ಲಾ ಪುಸ್ತಕಗಳು ಮೇಜುಗಳು. ಒಳಗೆ ಶೇಂಗಾ ಸುಲಿಯುತ್ತಿದ್ದ ಅವ್ವನ ಕೈ ನಿಂತಿತು.

"ಪೆನ್ನು ಪುಸ್ತಕ ಹೆಂಗಾಗ್ತೈತೆ?"

"ಆಗ್ತೈತಿ ಅಂತ ಅನ್ಕಾಬೇಕು ಅಜ್ಜಿ."

"ಯಾಕ ಅನ್ಕಾಬೇಕು? ಯಾರು ಹೇಳಿದ್ದು?"

"ಪ್ರಶ್ನೆಪತ್ರಿಕೆ ಹೇಳೈತಿ."

"ಅದಕ್ಕೇನು ಕಣ್ಣಿಲ್ಲೇನು?"

ನಗು ಬಂತು, ಆಮೇಲೆ ಲೂರಿಯಾ ನೆನಪಾದ. ಅಲೆಕ್ಸಾಂಡರ್ ಲೂರಿಯಾ ಸೋವಿಯತ್ ಮನಶ್ಶಾಸ್ತ್ರಜ್ಞ. 1931-32ರಲ್ಲಿ ಉಜ್ಬೇಕಿಸ್ತಾನದ ಹಳ್ಳಿಗಳಿಗೆ ಹೋಗಿ ಓದು ಬರಹ ಬಾರದ ರೈತರಿಗೆ ಇಂಥವೇ ಪ್ರಶ್ನೆ ಹಾಕಿದ್ದ. ದೂರದ ಉತ್ತರದಲ್ಲಿ, ಹಿಮ ಬೀಳುವ ಕಡೆ, ಕರಡಿಗಳೆಲ್ಲ ಬಿಳಿ. ನೊವಾಯಾ ಜೆಮ್ಲ್ಯಾ ಇರುವುದು ದೂರದ ಉತ್ತರದಲ್ಲಿ. ಅಲ್ಲಿಯ ಕರಡಿ ಯಾವ ಬಣ್ಣ? ಅಲ್ಲಿಗೆ ಹೋದವನನ್ನು ಕೇಳಪ್ಪ, ನಾನು ನೋಡಿರೋದು ಕರಿ ಕರಡಿ, ಎನ್ನುವ ಧಾಟಿಯಲ್ಲಿ ಅವರು ಉತ್ತರಿಸಿದರು. ಓದಿದವರು ಇದನ್ನು ತರ್ಕದ ಕೊರತೆ ಎಂದು ಬಹಳ ದಿನ ಓದಿಕೊಂಡರು. ನನಗೆ ಹಾಗನ್ನಿಸುವುದಿಲ್ಲ. ನೋಡದ ಕರಡಿಯ ಬಣ್ಣಕ್ಕೆ ಸಾಕ್ಷಿ ಹೇಳುವುದಿಲ್ಲ ಎಂದರೆ ಅದು ಕೋರ್ಟಿನಲ್ಲಿ ನಿಲ್ಲುವ ಮಾತು. ಪರೀಕ್ಷೆಗೆ ಬೇಕಾದ್ದು ಬೇರೆ. ಕಂಡದ್ದನ್ನು ಮರೆತು ಕೊಟ್ಟದ್ದನ್ನಷ್ಟೇ ನಂಬುವ ವಿದ್ಯೆ ಅದು. ಒಂದು ನಮೂನೆಯ ವೇಷ. ಬಯಲಾಟದಲ್ಲಿ ನಮ್ಮೂರ ಗೌಡ್ರು ಭೀಮನಾದರೆ ರಾತ್ರಿ ಪೂರ್ತಿ ಅವರು ಭೀಮನೇ. ಅಲ್ಲಿ ಯಾರೂ ಎದ್ದು ನಿಂತು, ಗೌಡ್ರೆ ನಮ್ಮ ಬಾಡಿಗೆ ಬಾಕಿ, ಎನ್ನುವುದಿಲ್ಲ.

ಈ ವೇಷಗಾರಿಕೆಗೆ ಚಿಹ್ನೆಯ ಬಣ್ಣ ಬಳಿದವನು ಜಾರ್ಜ್ ಬೂಲ್, 1854ರಲ್ಲಿ. ಜಾನ್ ವೆನ್ 1880ರಲ್ಲಿ ವೃತ್ತ ತಂದ. ಆಲಿಸ್ ಕಥೆ ಬರೆದ ಲೂಯಿಸ್ ಕ್ಯಾರಲ್ ಆಕ್ಸ್‌ಫರ್ಡಿನಲ್ಲಿ ಗಣಿತದ ಮೇಷ್ಟ್ರು. ಅವನು ಇದನ್ನೇ ಮಕ್ಕಳ ಆಟ ಮಾಡಿ, ಒಂದು ಮಣೆ, ಕೆಂಪು ಬಿಲ್ಲೆ ನಾಲ್ಕು, ಬೂದು ಬಿಲ್ಲೆ ಐದು ಕೊಟ್ಟ. ಚೌಕಾಬಾರ ಆಡುವವರಿಗೆ ಒಂದೇ ದಿನದಲ್ಲಿ ಬರುವ ವಿದ್ಯೆ.

ಆದರೆ ನಮ್ಮ ನ್ಯಾಯಶಾಸ್ತ್ರದವರು ಅವ್ವನ ಪಕ್ಷ. ಬೆಟ್ಟದ ಮೇಲೆ ಬೆಂಕಿ ಇದೆ, ಯಾಕೆಂದರೆ ಹೊಗೆ ಇದೆ. ಇಷ್ಟಕ್ಕೆ ಅವರು ಬಿಡುವುದಿಲ್ಲ. ಐದು ಅವಯವಗಳಲ್ಲಿ ಮೂರನೆಯದು ಉದಾಹರಣೆ. ಎಲ್ಲಿ ಹೊಗೆಯೋ ಅಲ್ಲಿ ಬೆಂಕಿ, ಅಡುಗೆಮನೆಯ ಹಾಗೆ. ಗ್ರೀಸಿನವರು ಸೂತ್ರದಿಂದ ತೆಗೆದುಹಾಕಿದ ಅಡುಗೆಮನೆಯನ್ನು ಇವರು ಸೂತ್ರದೊಳಗೇ ಉಳಿಸಿಕೊಂಡರು. ಬಾಣವನ್ನು ಹಿಂದುಮುಂದು ಮಾಡುವವರಿಗೂ ಅವರಲ್ಲಿ ಮದ್ದಿದೆ. ಬೆಂಕಿ ಇದ್ದಲ್ಲೆಲ್ಲ ಹೊಗೆ ಇರಬೇಕಲ್ಲ ಎಂದರೆ, ಕಾಯಿಸಿದ ಕಬ್ಬಿಣದ ಗುಂಡು ನೋಡು ಎನ್ನುತ್ತಾರೆ. ಕೆಂಡದಂತಿದೆ, ಹೊಗೆ ಇಲ್ಲ. ಕಮ್ಮಾರರ ಕುಲುಮೆಯ ಮುಂದೆ ಕುಡುಗೋಲು ತಟ್ಟಿಸಿಕೊಳ್ಳಲು ನಿಂತವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಪೆನ್ನು ಪುಸ್ತಕ ಬದಿಗಿಟ್ಟು ಗಾದೆ ಹಿಡಿದದ್ದು ಅವ್ವನಿಂದಾಗಿಯೇ. ತುಂಬಿದ ಕೊಡ ತುಳುಕುವುದಿಲ್ಲ. ಪ ಎಂದರೆ ಕೊಡ ತುಂಬಿದೆ, ಕ ಎಂದರೆ ತುಳುಕುವುದಿಲ್ಲ. ಪ ಆದರೆ ಕ. ತಿರುಗಿಸಿದರೆ, ತುಳುಕುವ ಕೊಡ ತುಂಬಿಲ್ಲ. ಇಷ್ಟಕ್ಕೆ ಮಾತ್ರ ಅನುಮತಿ. ತುಳುಕದ್ದೆಲ್ಲ ತುಂಬಿದೆ ಎಂದರೆ ಕೆಟ್ಟೆವು, ಖಾಲಿ ಕೊಡವೂ ತುಳುಕುವುದಿಲ್ಲ. ಸಭೆಗಳಲ್ಲಿ ಮಾತಾಡದೆ ಗಂಭೀರವಾಗಿ ಕೂತವರನ್ನು ಜ್ಞಾನಿಗಳೆಂದು ತಿಳಿದು ನಾನೇ ಎಷ್ಟು ಸಲ ಮೋಸ ಹೋಗಿದ್ದೇನೆ!

ಬೆಳ್ಳಗಿರೋದೆಲ್ಲ ಹಾಲಲ್ಲ. ಇದು ಇನ್ನೂ ಚೆಂದದ ಕಗ್ಗಂಟು. ಪರೀಕ್ಷೆಯ ಕಣ್ಣಿನಿಂದ ಅಕ್ಷರ ಅಕ್ಷರ ಓದಿ. ಬೆಳ್ಳಗಿರುವ ಯಾವುದೂ ಹಾಲಲ್ಲ ಎಂದೂ ಆಗುತ್ತದೆ, ಬೆಳ್ಳಗಿರುವ ಕೆಲವು ಹಾಲಲ್ಲ ಎಂದೂ ಆಗುತ್ತದೆ. 'ಅಲ್ಲ' ಎಂಬುದು 'ಎಲ್ಲ'ದ ಹೊರಗಿದೆಯೋ ಒಳಗಿದೆಯೋ ಎಂಬುದರ ಮೇಲೆ ಎಲ್ಲ ನಿಂತಿದೆ. ನಮ್ಮಲ್ಲಿ ಯಾರೂ ಈ ಗಾದೆ ಕೇಳಿ ಹಾಲು ಕುಡಿಯುವುದನ್ನು ಬಿಟ್ಟಿಲ್ಲ. ಮಾತಿನ ಅರ್ಧ ಅರ್ಥ ಕೇಳುವವರ ತಲೆಯಲ್ಲಿ ಮೊದಲೇ ಇರುತ್ತದೆ. ಅಲ್ಲಿಂದ ಎದ್ದು ಬಂದು ಉಳಿದರ್ಧವನ್ನು ಕೂಡಿಕೊಳ್ಳುತ್ತದೆ. ಆದರೆ ಅಭ್ಯರ್ಥಿಗೆ ಆ ಸವಲತ್ತಿಲ್ಲ. ಹಾಲು ಎಂದರೇನು ಎಂದು ಆಕೆಗೆ ಗೊತ್ತಿರಕೂಡದು.

ಕನ್ನಡದ ಮಟ್ಟಿಗೆ ಒಂದು ಹೆಮ್ಮೆ ಹೇಳಿಕೊಳ್ಳುತ್ತೇನೆ. ತರ್ಕದವರು ತಲೆಕೆಳಗಾದ ಅಕ್ಷರ, ಹಿಂದುಮುಂದಾದ ಅಕ್ಷರ ಬರೆದು ತೋರಿಸುವುದನ್ನು ನಾವು ಒಂದು ಸ್ವರದಲ್ಲಿ ಮುಗಿಸುತ್ತೇವೆ. ಯಾರೋ ಬಂದರು: ಒಬ್ಬರಾದರೂ ಇದ್ದಾರೆ. ಯಾರೂ ಬರಲಿಲ್ಲ: ಒಬ್ಬರೂ ಇಲ್ಲ. ಓಕಾರ, ಊಕಾರ. ಅವನೂ ಬಂದ ಎಂದರೆ ಇನ್ನೊಬ್ಬ ಮೊದಲೇ ಬಂದಿದ್ದಾನೆ. ಅವನೇ ಬಂದ ಎಂದರೆ ಬೇರೆ ಯಾರಲ್ಲ. ಅಲ್ಲ ಬೇರೆ, ಇಲ್ಲ ಬೇರೆ. 'ಅದು ನೀರಲ್ಲ' ಎಂದರೆ ಕುಡಿಯಬೇಡ, 'ಅಲ್ಲಿ ನೀರಿಲ್ಲ' ಎಂದರೆ ಕೊಡ ತರಬೇಡ. ಚಿಹ್ನೆಗೆ ಇಳಿಸುವಾಗ ಎರಡಕ್ಕೂ ಒಂದೇ ಸುಳಿಗೆರೆ.

ಇಳಿಸಲು ಬಾರದ ಮಾತುಗಳೂ ಇವೆ. ಎದ್ದು ಹೊರಟವರು 'ಬರ್ತೀನಿ' ಎನ್ನುತ್ತಾರೆ. ದೀಪ ಆರಿಸು ಎನ್ನಬಾರದೆಂದು ಅವ್ವ 'ದೀಪ ದೊಡ್ಡದು ಮಾಡು' ಎನ್ನುತ್ತಾಳೆ. ಇದನ್ನು ಪ ಎಂದು ಬರೆದುಕೊಂಡ ಹುಡುಗ ಬತ್ತಿ ಏರಿಸಿ ಬೈಸಿಕೊಳ್ಳುತ್ತಾನೆ. ಮತ್ತು 'ನೋಡೋಣ'. ಈ ಸೀಮೆಯಲ್ಲಿ ಸಾಲ ಕೇಳಿದವರಿಗೆ, ಹೆಣ್ಣು ಕೇಳಿದವರಿಗೆ, ಟ್ರ್ಯಾಕ್ಟರ್ ಬಾಡಿಗೆಗೆ ಕೇಳಿದವರಿಗೆ ಕೊಡುವ ಉತ್ತರ ಅದು. ಸತ್ಯವೂ ಅಲ್ಲ, ಸುಳ್ಳೂ ಅಲ್ಲ. ಅದಕ್ಕೊಂದು ಚಿಹ್ನೆ ಕಂಡುಹಿಡಿದವರಿಗೆ ಹರಪನಹಳ್ಳಿ ಬಸ್‌ಸ್ಟ್ಯಾಂಡಿನಲ್ಲಿ ಹಾರ ಹಾಕಿಸಬಹುದು.

ಪರೀಕ್ಷಾರ್ಥಿಗಳ ಪಾಡೆಂದರೆ ಎರಡು ಸಲ ಅನುವಾದ. ಮೊದಲು ಯಾರೋ ಇಂಗ್ಲಿಷಿನಿಂದ ಕನ್ನಡಕ್ಕೆ ಇಳಿಸಿದ್ದನ್ನು ಬಿಡಿಸಿಕೊಳ್ಳಬೇಕು, ಆಮೇಲೆ ಚಿಹ್ನೆಗೆ ಇಳಿಸಬೇಕು. 2024ರ ಆಗಸ್ಟ್ 27ರಂದು ಕೆಪಿಎಸ್‌ಸಿ ನಡೆಸಿದ ಗೆಜೆಟೆಡ್ ಪ್ರೊಬೇಷನರಿ ಪೂರ್ವಭಾವಿ ಪರೀಕ್ಷೆಯ ಕನ್ನಡ ಎಷ್ಟು ಕೆಟ್ಟಿತ್ತೆಂದರೆ ಡಿಸೆಂಬರ್ 29ಕ್ಕೆ ಮರುಪರೀಕ್ಷೆ ಮಾಡಬೇಕಾಯಿತು. ಅದರಲ್ಲೂ ತಪ್ಪುಗಳೆಂದು ಮತ್ತೆ ಗಲಾಟೆ ಎದ್ದಿತು. ಕನ್ನಡದಲ್ಲಿ 'ಮಾತ್ರ' ಎಂಬ ಒಂದು ಪದ ಅತ್ತಿತ್ತ ಸರಿದರೆ ಬಾಣದ ದಿಕ್ಕೇ ತಿರುಗುತ್ತದೆ. 'ಪದವೀಧರರು ಮಾತ್ರ ಅರ್ಜಿ ಹಾಕಬಹುದು' ಎಂದರೆ ಅರ್ಜಿ ಹಾಕಿದವರೆಲ್ಲ ಪದವೀಧರರು. 'ಪದವೀಧರರು ಅರ್ಜಿ ಮಾತ್ರ ಹಾಕಬಹುದು' ಎಂದರೆ, ಈಗ ನಡೆಯುತ್ತಿರುವುದು ಅದೇ.

ರಕ್ತಸಂಬಂಧದ ಪ್ರಶ್ನೆ ಬಂದಾಗಲಂತೂ ನಮ್ಮ ಕಟ್ಟೆ ಸಂತೆಯಾಗುತ್ತದೆ. ಎ + ಬಿ ಎಂದರೆ ಎ ಬಿಯ ತಂದೆ. ಎ − ಬಿ ಎಂದರೆ ಎ ಬಿಯ ಹೆಂಡತಿ. (ಹೆಂಡತಿಗೇ ಯಾಕೆ ಮೈನಸ್ಸು ಎಂದು ನನ್ನಾಕೆ ಒಳಗಿನಿಂದ ಕೇಳಿದ್ದಳು.) ಎ × ಬಿ ಎಂದರೆ ಸಹೋದರ. ಕೊನೆಗೊಂದು ಪ್ರಶ್ನೆ: ಒಬ್ಬಳ ತಾಯಿಯ ತಮ್ಮನ ಹೆಂಡತಿ ಆಕೆಗೆ ಏನಾಗಬೇಕು? ಪುಸ್ತಕದ ಉತ್ತರ ಅತ್ತೆ. ಅವ್ವ ಕೂತಲ್ಲಿಂದಲೇ, "ಆಕೀನ ಆಗಿರಬೋದಲ್ಲ" ಎಂದಳು. ನಿಜವೇ. ಸೋದರಮಾವನಿಗೆ ಕೊಡುವುದು ಈ ಸೀಮೆಯಲ್ಲಿ ಹೊಸದೇನಲ್ಲ, ಹಾಗಿದ್ದಾಗ ಮಾವನ ಹೆಂಡತಿ ಎಂದರೆ ಆಕೆಯೇ. 1955ರ ಹಿಂದೂ ವಿವಾಹ ಕಾಯ್ದೆ ಮಾವ-ಸೊಸೆಯ ಮದುವೆಯನ್ನು ನಿಷಿದ್ಧ ಎನ್ನುತ್ತದೆ, ರೂಢಿ ಒಪ್ಪಿದ್ದರ ಹೊರತು. ಆ 'ಹೊರತು' ಎಂಬ ಒಂದು ಗೇಟಿನಲ್ಲಿ ದಕ್ಷಿಣ ಭಾರತದ ಅರ್ಧ ದಿಬ್ಬಣಗಳು ದಾಟಿಹೋಗಿವೆ. ಉತ್ತರದಲ್ಲಿ ಎಲ್ಲೋ ಕೂತು ಪ್ರಶ್ನೆ ತೆಗೆದವರಿಗೆ ಇದರ ಸುಳಿವಿಲ್ಲ. 'ಮಾವ' ಎಂಬ ನಮ್ಮ ಒಂದು ಪದಕ್ಕೆ ಸೋದರಮಾವ, ಸೋದರತ್ತೆಯ ಗಂಡ, ಗಂಡನ ಅಪ್ಪ, ಹೆಂಡತಿಯ ಅಪ್ಪ, ಇಷ್ಟು ಜನ ಓಗೊಡುತ್ತಾರೆ. ಎರಡು ಅರಸೀಕೆರೆಗಿಂತ ಇದು ಕಷ್ಟ.

ಚಿಹ್ನೆಗೆ ಇಳಿಸುವುದರ ತದ್ವಿರುದ್ಧ ಕಸುಬೂ ನಮ್ಮ ಪಕ್ಕದಲ್ಲೇ ನಡೆಯುತ್ತದೆ. ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ, ಭರತ ಹುಣ್ಣಿಮೆಯ ಜಾತ್ರೆಗೆ. ಡೆಂಕನ ಮರಡಿಯಲ್ಲಿ ಲಕ್ಷಗಟ್ಟಲೆ ಜನ. ಗೊರವಯ್ಯ ನೆಟ್ಟ ಬಿಲ್ಲನ್ನು ಏರಿ 'ಸದ್ದಲೇ' ಎಂದು ಕೂಗಿದರೆ ಅಷ್ಟು ಜನವೂ ಗಪ್‌ಚಿಪ್. ಒಂದೇ ಒಂದು ಸಾಲು ನುಡಿದು ಮೇಲಿನಿಂದ ಬೀಳುತ್ತಾನೆ. ಅದೇ ಕಾರಣಿಕ. ಆ ಸಾಲು ಮೊದಲೇ ಚಿಹ್ನೆಯಾಗಿ ಬಂದಿರುತ್ತದೆ. ಅದನ್ನು ಮಾತಿಗೆ ಇಳಿಸುವುದು ಜನರ ಪಾಲು. ಒಕ್ಕಲಿಗರು ಮಳೆ ಎನ್ನುತ್ತಾರೆ, ದಲ್ಲಾಳಿಗಳು ರೇಟು ಎನ್ನುತ್ತಾರೆ, ಪೇಪರಿನವರು ಸರ್ಕಾರ ಎನ್ನುತ್ತಾರೆ. ಒಂದು ಪ, ನೂರು ವಾಕ್ಯ. ನಾನು ಒಮ್ಮೆ ಹೋಗಿದ್ದೆ. ಸಾಲು ಸರಿಯಾಗಿ ಕೇಳಲಿಲ್ಲ, ಆದರೆ ವಾಪಸ್ಸು ಬರುವ ಟೆಂಪೋದಲ್ಲಿ ಅದಕ್ಕೆ ಏಳು ಅರ್ಥ ಕೇಳಿದೆ. ಏಳೂ ಹೊಂದುತ್ತಿದ್ದವು.

ಇನ್ನು ನಮ್ಮ ಮನೆಯ ಕಾರಣಿಕ. ನನ್ನ ತಂಗಿಯ ಗಂಡ ಮಾತು ಕಡಿಮೆಯ ಮನುಷ್ಯ. ಮಗಳ ಡಿಗ್ರಿ ಮುಗಿದ ವರ್ಷ ನೆಂಟರೆಲ್ಲ ಒತ್ತಾಯ ಮಾಡಿದಾಗ, ಊಟಕ್ಕೆ ಕೂತ ಪಂಕ್ತಿಯಲ್ಲಿ ಒಂದು ಸಾಲು ನುಡಿದಿದ್ದರು. "ನೌಕರಿ ಸಿಕ್ರೆ ಮದುವಿ ಮಾಡ್ತೀನಿ." ಅಷ್ಟೇ. ಮಗಳು ಅದನ್ನು ಕೇಳಿಸಿಕೊಂಡದ್ದು, ನೌಕರಿ ಸಿಗುವ ತನಕ ಮದುವೆ ಮಾಡುವುದಿಲ್ಲ ಎಂದು. ಅದನ್ನೇ ನಂಬಿ ಮೂರು ವರ್ಷ ನಿಶ್ಚಿಂತೆಯಾಗಿ ಓದಿದಳು. ಹೋದ ಸುಗ್ಗಿ ಮುಗಿದ ಮೇಲೆ ಕೊಟ್ಟೂರಿನ ಕಡೆಯಿಂದ ಒಂದು ಸಂಬಂಧ ಬಂತು. ಹುಡುಗನಿಗೆ ಗೊಬ್ಬರದಂಗಡಿ, ಮನೆತನ ಒಳ್ಳೆಯದು. ಭಾವ ನೋಡಲು ಬನ್ನಿ ಎಂದುಬಿಟ್ಟರು.

ಹುಡುಗಿ ಅಳಲಿಲ್ಲ. ಅಪ್ಪನನ್ನು ಕರೆದುಕೊಂಡು ನೇರ ನಮ್ಮ ಕಟ್ಟೆಗೆ ಬಂದಳು. "ಮಾವ, ನೀವೇ ಹೇಳ್ರಿ. ಅಪ್ಪ ಮಾತು ಕೊಟ್ಟಿದ್ರು."

"ಏನಂತ ಕೊಟ್ಟಿದ್ದೆ?" ಎಂದರು ಭಾವ. "ನೌಕರಿ ಸಿಕ್ರೆ ಮಾಡ್ತೀನಿ ಅಂದಿದ್ದೆ. ಸಿಗದಿದ್ರೆ ಮಾಡಂಗಿಲ್ಲ ಅಂತ ಅಂದಿದ್ನಾ? ಮಾಸ್ತರು ಅದಾರಲ್ಲ, ಕೇಳು."

ನನ್ನ ಮೂವತ್ತು ವರ್ಷದ ಹಲಗೆಯೆಲ್ಲ ನನ್ನನ್ನೇ ದುರುಗುಟ್ಟಿ ನೋಡಿದಂತಾಯಿತು. ತರ್ಕದ ಪ್ರಕಾರ ಭಾವನ ಮಾತು ಸರಿ. ಪ ಆದರೆ ಕ ಎಂದವನು, ಪ ಆಗದಿದ್ದರೆ ಏನೆಂದು ಹೇಳಿಲ್ಲ. ಆದರೆ ಈ ಸೀಮೆಯಲ್ಲಿ 'ಮಳೆ ಬಂದ್ರೆ ಬಿತ್ತೀನಿ' ಎಂದವನು ಮಳೆ ಇಲ್ಲದೆ ಬಿತ್ತಿದರೆ ಅವನನ್ನು ಯಾರೂ ತರ್ಕಬದ್ಧ ಎನ್ನುವುದಿಲ್ಲ, ತಲೆ ಕೆಟ್ಟಿದೆ ಎನ್ನುತ್ತಾರೆ. ಪಂಕ್ತಿಯಲ್ಲಿ ಕೂತ ನಾವೆಲ್ಲ ಅಂದು ಅದನ್ನು ಮಗಳು ಕೇಳಿದ ಹಾಗೆಯೇ ಕೇಳಿದ್ದೆವು. ಭಾವನೂ ಹಾಗೆಯೇ ಹೇಳಿದ್ದರು ಎಂದು ನನಗೆ ಖಾತ್ರಿಯಿದೆ. ಮಾತಿನಿಂದ ಆಡಿದವನನ್ನೂ ಕೇಳಿದವರನ್ನೂ ತೆಗೆದರೆ ಉಳಿಯುವ ಮೂಳೆ ಆ ಬಾಣ. ಭಾವ ಈಗ ಆ ಮೂಳೆಯ ಹಿಂದೆ ಅಡಗಿ ನಿಂತಿದ್ದರು. ನಾನು "ನೋಡೋಣ" ಎಂದೆ.

ಹುಡುಗಿ ನಗಲಿಲ್ಲ. ಅಪ್ಪನ ಅಂಗಿಯ ಮೇಲ್ಜೇಬಿಗೆ ಕೈ ಹಾಕಿ ಪೆನ್ನು ತೆಗೆದಳು. ಅದರ ಜೊತೆಗೇ ಬಂತು ಮೆಕ್ಕೆಜೋಳದ ತೂಕದ ಚೀಟಿ, ನಾಲ್ಕು ಮಡಿಕೆ ಮಾಡಿದ್ದು, ಬೆವರಿಗೆ ಅಂಚು ಹಳದಿಯಾದದ್ದು. ಅದರ ಬೆನ್ನಿಗೆ ನಾಲ್ಕು ಸಾಲು ಬರೆದಳು. ನೌಕರಿ ಇದೆ, ಮದುವೆ ಇದೆ: ಮಾತು ನಿಜ. ನೌಕರಿ ಇದೆ, ಮದುವೆ ಇಲ್ಲ: ಮಾತು ಸುಳ್ಳು. ನೌಕರಿ ಇಲ್ಲ, ಮದುವೆ ಇದೆ: ಮಾತು ನಿಜ.

"ಅಪ್ಪ ನಿಂತಿರೋದು ಮೂರನೇ ಸಾಲಿನಾಗ. ಒಪ್ಪಿದೆ" ಎಂದಳು. ಆಮೇಲೆ ನಾಲ್ಕನೆಯದರ ಕೆಳಗೆ ಎರಡು ಗೀಟು ಎಳೆದಳು. "ನೌಕರಿ ಇಲ್ಲ, ಮದುವಿ ಇಲ್ಲ. ಈ ಸಾಲಿನಾಗೂ ಅಪ್ಪನ ಮಾತು ಸುಳ್ಳಾಗಂಗಿಲ್ಲ. ಅಲ್ಲೇನ್ರಿ ಮಾವ?"

ಸುಳ್ಳಾಗುವುದಿಲ್ಲ. ಹಾಗೆಂದು ಹೇಳಿದೆ. ಒಳಗೆ ಶೇಂಗಾ ಸುಲಿಯುವ ಸದ್ದು ನಿಂತಿತ್ತು.

ಭಾವ ಚೀಟಿ ಇಸಿದುಕೊಂಡರು. ನಾಲ್ಕು ಸಾಲನ್ನೂ ತುಟಿ ಅಲ್ಲಾಡಿಸುತ್ತ ಓದಿದರು. ಆಮೇಲೆ ಮಗುಚಿ ತೂಕದ ಕಡೆ ನೋಡಿ, "ಇದನ್ನ ಎರಡು ದಿನದಿಂದ ಹುಡುಕ್ತಿದ್ದೆ" ಎಂದು ಮಡಿಚಿ ಜೇಬಿಗೆ ಹಾಕಿಕೊಂಡರು.